ಸೋಷಿಯಲ್ ಮೀಡಿಯಾ ನಂಬದೆ ಕೇಳುಗರ ಜೊತೆ ಸಂಪರ್ಕ ಇಟ್ಟುಕೊಳ್ಳೋದು ಹೇಗೆ? ನಮ್ಮದು ಶಿವಮೊಗ್ಗದ ಸಣ್ಣ ಬ್ಯಾಂಡ್

ತುಂಗಾತೀರ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಜನರ ಬ್ಯಾಂಡ್. ನಾನು ಹಾಡುತ್ತೇನೆ, ಏಕತಾರಿ ಹಿಡಿಯುತ್ತೇನೆ. ಉಳಿದ ಮೂವರದು ಗಿಟಾರ್, ಕೊಳಲು, ಢೋಲಕ್. ಶಿಶುನಾಳ ಶರೀಫರ ತತ್ವಪದ, ಕಡಕೋಳ ಮಡಿವಾಳಪ್ಪನವರ ಪದ, ಜೊತೆಗೆ ನಾವೇ ಬರೆದ ಒಂದಷ್ಟು ಹಾಡು. ಶಿವಮೊಗ್ಗ, ಸಾಗರ, ದಾವಣಗೆರೆ, ಹುಬ್ಬಳ್ಳಿ, ಆಗೊಮ್ಮೆ ಈಗೊಮ್ಮೆ ಬೆಂಗಳೂರು. ಇಷ್ಟು ನಮ್ಮ ಓಡಾಟ. ಎಲ್ಲರಿಗೂ ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ.

ಕಾರ್ಯಕ್ರಮ ಮುಗಿದ ಮೇಲೆ ಜನ ವೇದಿಕೆ ಹತ್ತಿರ ಬರುತ್ತಾರೆ. ಮುಂದಿನದು ಎಲ್ಲಿ, ನಮಗೂ ತಿಳಿಸಿ ಅನ್ನುತ್ತಾರೆ. ನಮ್ಮ ಪೇಜ್ ಫಾಲೋ ಮಾಡಿ ಅನ್ನುತ್ತೇವೆ. ಅವರು ಅಲ್ಲೇ ಮೊಬೈಲ್ ತೆಗೆದು ಫಾಲೋ ಮಾಡುತ್ತಾರೆ. ಆಮೇಲೆ ನಾವು ಹಾಕಿದ್ದು ಅವರಿಗೆ ಕಾಣಿಸುವುದೇ ಇಲ್ಲ. ಮೊನ್ನೆ ಕುವೆಂಪು ರಂಗಮಂದಿರದಲ್ಲಿ ಹಾಡಿದೆವು. ಆಮೇಲೆ ಭದ್ರಾವತಿಯ ಒಬ್ಬರು ಸಿಕ್ಕಿ, ‘ನೀವು ಹಾಡಿದ್ದು ಗೊತ್ತೇ ಆಗಲಿಲ್ಲವಲ್ಲಮ್ಮಾ, ಅರ್ಧ ಗಂಟೆ ದಾರಿ, ಮನೆಮಂದಿಯೆಲ್ಲ ಬರುತ್ತಿದ್ದೆವು’ ಅಂದರು. ಅವರು ನಮ್ಮ ಪೇಜ್ ಫಾಲೋ ಮಾಡಿದವರೇ.

ಅದರ ಮೇಲೆ ಇನ್ನೊಂದು ಜಾಲತಾಣದಲ್ಲಿ ನಮ್ಮ ಖಾತೆಯೇ ಲಾಕ್ ಆಗಿದೆ. ಕಾರಣ ಹೇಳಿಲ್ಲ. ಮನವಿ ಕಳಿಸಿದರೆ ಯಂತ್ರ ಬರೆದ ಉತ್ತರ ಬರುತ್ತದೆ. ವರ್ಷಗಟ್ಟಲೆ ಸೇರಿಸಿದ ವಿಡಿಯೋ, ಜನ ಬರೆದ ಮಾತು, ಎಲ್ಲ ಅದರೊಳಗೇ ಇದೆ.

ಇನ್ನೂ ಒಂದು ಸಂಕಟ ಇದೆ. ತತ್ವಪದ ನಿಧಾನಕ್ಕೆ ಏರುವ ಹಾಡು. ರೀಲ್ಸ್‌ಗೋಸ್ಕರ ಅದನ್ನು ಮೂವತ್ತು ಸೆಕೆಂಡಿಗೆ ಕತ್ತರಿಸಿ ಹಾಕುವಾಗ ನನಗೆ ನಿಜಕ್ಕೂ ಹಿಂಸೆ ಆಗುತ್ತದೆ.

ಈ ಜಾಲತಾಣಗಳ ಮೇಲೆ ಬೀಳದೆ ನಡೆಸುತ್ತಿರುವವರು ಯಾರಾದರೂ ಇದ್ದೀರಾ? ಇಮೇಲ್ ಕಳಿಸಿದರೆ ಈಗ ಯಾರಾದರೂ ಓದುತ್ತಾರಾ? ಸ್ವಂತ ವೆಬ್‌ಸೈಟ್ ಬೇಕೇ ಬೇಕಾ? ಹಾಡು ಮಾರಿದರೆ ದುಡ್ಡು ಹೇಗೆ ತೆಗೆದುಕೊಳ್ಳೋದು? ನಮ್ಮ ಕೊಳಲಿನ ಹುಡುಗನಿಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು. ಹೇಳಿಕೊಟ್ಟರೆ ಮಾಡುತ್ತಾನೆ.


ಡಗ್ಗಾ_ಧಾರವಾಡ:

ಓದುತ್ತಾರೆ. ನಾನು ಧಾರವಾಡದ ಒಂದು ತಂಡದಲ್ಲಿ ತಬಲಾ ನುಡಿಸುತ್ತೇನೆ. ಕೇಳುಗರ ಪಟ್ಟಿ ನೋಡಿಕೊಳ್ಳುವುದೂ ನನ್ನದೇ ಕೆಲಸ. ಇದು ನನಗೆ ತಬಲಾದಷ್ಟೇ ಇಷ್ಟದ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಭದ್ರಾವತಿಯವರು ‘ನಮಗೂ ತಿಳಿಸಿ’ ಅಂದಾಗ ತಿಳಿಸುವುದಕ್ಕೆ ಬೇಕಾದದ್ದು ಅವರ ವಿಳಾಸ. ಅದು ನಿಮ್ಮ ಕೈಗೆ ಬರಲಿಲ್ಲ. ಅವರು ಫಾಲೋ ಮಾಡಿದಾಗ ಅವರ ಗುರುತು ಆ ಕಂಪನಿಯ ಹತ್ತಿರ ಉಳಿಯಿತು. ನಿಮ್ಮ ಸುದ್ದಿ ಅವರಿಗೆ ತೋರಿಸಬೇಕೋ ಬೇಡವೋ ಅಂತ ಇನ್ನು ಆ ಕಂಪನಿಯೇ ತೀರ್ಮಾನ ಮಾಡುತ್ತದೆ. ಖಾತೆ ಲಾಕ್ ಆದರಂತೂ ಅವರು ಯಾರು ಅಂತ ಹುಡುಕುವುದಕ್ಕೂ ದಾರಿ ಇಲ್ಲ. ಅದಕ್ಕೇ ಮೊದಲ ಕೆಲಸ ವೆಬ್‌ಸೈಟೂ ಅಲ್ಲ, ತಂತ್ರಾಂಶವೂ ಅಲ್ಲ. ಒಂದು ಉದ್ದ ನೋಟ್‌ಬುಕ್ ಮತ್ತು ಚೆನ್ನಾಗಿ ಬರೆಯುವ ಎರಡು ಪೆನ್ನು ತಗೊಳ್ಳಿ.

ನೋಟ್‌ಬುಕ್ಕನ್ನು ಬಾಗಿಲ ಬಳಿ ಸುಮ್ನೆ ಇಟ್ಟರೆ ಯಾರೂ ಬರೆಯುವುದಿಲ್ಲ. ಕಾರ್ಯಕ್ರಮ ಮುಗಿದ ಕೂಡಲೇ ಜನರಿಗೆ ಬಸ್ಸು, ಪಾರ್ಕಿಂಗ್, ಮಗುವಿನ ಊಟ ನೆನಪಾಗುತ್ತದೆ. ಆದ್ದರಿಂದ ಕೊನೆಯ ಹಾಡಿಗಿಂತ ಮುಂಚೆ, ಹಾಡುವವರೇ ಮೈಕಿನಲ್ಲಿ ಕೇಳಬೇಕು. ನಾವು ಹೀಗೆ ಹೇಳುತ್ತೇವೆ: ‘ನಿಮ್ಮೂರಿನ ಹತ್ತಿರ ಹಾಡುವಾಗ ನಿಮಗೆ ನೇರವಾಗಿ ಪತ್ರ ಬರೆಯುತ್ತೇವೆ. ಹೆಸರು, ಇಮೇಲ್, ಊರು ಬರೆದುಕೊಡಿ. ಇವತ್ತು ಹಾಡಿದ್ದರಲ್ಲಿ ಒಂದು ಹಾಡಿನ ರೆಕಾರ್ಡಿಂಗ್ ಈ ವಾರವೇ ಕಳಿಸುತ್ತೇವೆ.’ ಆಮೇಲೆ ಹಾಡು ಶುರು ಮಾಡುತ್ತೇವೆ. ನೋಟ್‌ಬುಕ್ ಸಾಲಿನಿಂದ ಸಾಲಿಗೆ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬ ಸ್ನೇಹಿತರನ್ನು ಇದಕ್ಕೇ ನಿಲ್ಲಿಸಿ.

ಹೇಳಿದ ರೆಕಾರ್ಡಿಂಗ್ ಆ ವಾರವೇ ಹೋಗಬೇಕು. ಇದರಲ್ಲಿ ತಪ್ಪಿದರೆ ಪಟ್ಟಿ ಇದ್ದೂ ಇಲ್ಲದ ಹಾಗೆ. ಮೂರು ತಿಂಗಳು ಬಿಟ್ಟು ಬರೆದರೆ ಇವರು ಯಾರು ಅಂತ ಮರೆತಿರುತ್ತಾರೆ, ಸ್ಪ್ಯಾಮ್ ಅಂತ ಒತ್ತುತ್ತಾರೆ.

ಊರಿನ ಕಾಲಂ ಬಿಡಬೇಡಿ. ನಾವು ಜಾಸ್ತಿ ಬಳಸುವುದು ಅದನ್ನೇ. ಹುಬ್ಬಳ್ಳಿಯಲ್ಲಿ ಕಾರ್ಯಕ್ರಮ ಇದ್ದರೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯವರಿಗೆ ಮಾತ್ರ ಹೋಗುತ್ತದೆ. ಮಂಗಳೂರಿನವರಿಗೆ ಅದನ್ನು ಕಳಿಸಿ ಬೇಸರ ಮಾಡುವುದಿಲ್ಲ. ಇನ್ನೂ ಒಂದು ಉಪಯೋಗ ಇದೆ. ಯಾವ ಊರಿನ ಹೆಸರು ಜಾಸ್ತಿ ಸೇರಿದೆಯೋ ಅಲ್ಲಿನ ಸಂಘದವರಿಗೆ ಫೋನ್ ಮಾಡಿ, ನಿಮ್ಮೂರಲ್ಲಿ ನಮಗೆ ಇಷ್ಟು ಜನ ಕೇಳುಗರಿದ್ದಾರೆ, ಒಂದು ಸಂಜೆ ಕೊಡಿ ಅಂತ ಧೈರ್ಯವಾಗಿ ಕೇಳಬಹುದು.

ಇದು ಹೊಸ ವಿದ್ಯೆ ಏನಲ್ಲ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1971ರಲ್ಲೇ ತಮ್ಮ ರೆಕಾರ್ಡಿನ ಹೊದಿಕೆಯ ಒಳಗೆ, ನಿಮ್ಮ ಹೆಸರು ವಿಳಾಸ ಬರೆದು ಕಳಿಸಿ ಅಂತ ಅಚ್ಚು ಹಾಕಿಸಿತ್ತು. ಆ ಕಾಗದಗಳಿಂದಲೇ ಅವರ ಪಟ್ಟಿ ಬೆಳೆಯಿತು. ಇಂಗ್ಲೆಂಡಿನ ಮರಿಲಿಯನ್ ತಂಡದ ಕಥೆ ನನಗೆ ಇನ್ನೂ ಇಷ್ಟ. 1997ರಲ್ಲಿ ಅಮೆರಿಕ ಪ್ರವಾಸಕ್ಕೆ ಅವರ ಹತ್ತಿರ ದುಡ್ಡಿರಲಿಲ್ಲ. ಅಭಿಮಾನಿಗಳೇ ಇಂಟರ್ನೆಟ್ಟಿನಲ್ಲಿ ಮಾತಾಡಿಕೊಂಡು ಸುಮಾರು 60,000 ಡಾಲರ್ ಕೂಡಿಸಿದರು. ಬ್ಯಾಂಡಿನವರು ಕೇಳಿರಲೂ ಇಲ್ಲ. ಅದನ್ನು ನೋಡಿದ ಮೇಲೆ, 2001ರ ಆಲ್ಬಂಗೆ ಅವರು ಇಮೇಲ್ ಕಳಿಸಿ, ರೆಕಾರ್ಡ್ ಮಾಡುವ ಮೊದಲೇ ದುಡ್ಡು ಕೊಡ್ತೀರಾ ಅಂತ ಕೇಳಿದರು. 12,000ಕ್ಕೂ ಜಾಸ್ತಿ ಜನ ಮುಂಗಡ ಕೊಟ್ಟರು. ಆಗ ಫೇಸ್‌ಬುಕ್ ಹುಟ್ಟೇ ಇರಲಿಲ್ಲ.

ಈಗ ತಾಂತ್ರಿಕ ವಿಷಯ, ನಿಮ್ಮ ಕೊಳಲಿನ ಹುಡುಗನಿಗೆ. ಮೊದಲು ಬ್ಯಾಂಡಿನ ಹೆಸರಿನಲ್ಲಿ ಒಂದು ಡೊಮೇನ್, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮದೇ ವಿಳಾಸ, ಕೊಳ್ಳಿ. ವರ್ಷಕ್ಕೊಮ್ಮೆ ನವೀಕರಣ ಮಾಡಬೇಕು, ಅದನ್ನು ಮರೆಯದ ಒಬ್ಬರ ಹೆಸರಿನಲ್ಲಿರಲಿ. ಪತ್ರ ಹೋಗಬೇಕಾದ್ದು ಆ ಡೊಮೇನಿನ ವಿಳಾಸದಿಂದ. ಮಾಮೂಲಿ ಜಿಮೇಲ್ ಖಾತೆಯಿಂದ ಬಿಸಿಸಿ ಹಾಕಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ) ಕಳಿಸಿದರೆ ದಿನಕ್ಕೆ 500 ಜನರ ಮಿತಿ ಇದೆ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಇಬ್ಬರೂ ನಿಯಮ ಬಿಗಿ ಮಾಡಿದ್ದಾರೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ದಾಖಲೆ ಡೊಮೇನಿನಲ್ಲಿ ಹಾಕಿಬಿಡಿ. ಈ ಪತ್ರ ನಿಜವಾಗಿ ನಿಮ್ಮಿಂದಲೇ ಬಂದದ್ದು ಅಂತ ತೋರಿಸುವ ಗುರುತು ಅವು. ಒಂದು ಮಧ್ಯಾಹ್ನದ ಕೆಲಸ. ಹಾಕದಿದ್ದರೆ ಪತ್ರ ಸ್ಪ್ಯಾಮ್ ಫೋಲ್ಡರಿಗೆ ಹೋಗಬಹುದು, ಇಲ್ಲವೇ ತಲುಪದೆಯೇ ಇರಬಹುದು.

ಕಳಿಸುವುದಕ್ಕೆ ನಾವು ಬಳಸುವುದು ಲಿಸ್ಟ್‌ಮಾಂಕ್. ಬೆಂಗಳೂರಿನ ಝೆರೋಧಾ ಎಂಬ ಷೇರು ವ್ಯವಹಾರದ ಕಂಪನಿಯ ಕೈಲಾಶ್ ನಾಧ್ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟಿರುವ ತಂತ್ರಾಂಶ. (ವಿ. ಕೃಷ್ಣ ಅವರ ಅಲರ್ ಕನ್ನಡ ನಿಘಂಟನ್ನು ಇಂಟರ್ನೆಟ್ಟಿಗೆ ತಂದವರೂ ಇವರೇ. ಕನ್ನಡದ ಹಾಡು ಕಳಿಸುವಾಗ ನನಗೆ ಅದು ಖುಷಿ ಕೊಡುತ್ತದೆ.) ಒಂದು ಸಣ್ಣ ಸರ್ವರ್ ಬಾಡಿಗೆಗೆ ತಗೊಂಡು ಅದರಲ್ಲಿ ಹಾಕಿಕೊಳ್ಳಬೇಕು. ಊರಿನ ಹೆಸರಿನ ಪ್ರಕಾರ ಪಟ್ಟಿ ಸೋಸಲು ಬರುತ್ತದೆ. ಅಲ್ಲಿಂದ ಪತ್ರ ಹೊರಗೆ ಹೋಗುವುದು ಅಮೆಜಾನಿನ ಮೇಲ್ ಸೇವೆಯ ಮೂಲಕ. ಸಾವಿರ ಪತ್ರಕ್ಕೆ 10 ಸೆಂಟ್, ನಮ್ಮ ಲೆಕ್ಕದಲ್ಲಿ ಹತ್ತು ರೂಪಾಯಿ ಆಸುಪಾಸು. ಇದೆಲ್ಲ ಭಾರ ಅನ್ನಿಸಿದರೆ ಸರ್ವರ್ ಇಲ್ಲದೆಯೇ ಪತ್ರ ಕಳಿಸಿಕೊಡುವ ಬಟನ್‌ಡೌನ್ ಥರದ ಸೇವೆ ಇದೆ, ಮೊದಲ 100 ಜನರವರೆಗೆ ದುಡ್ಡಿಲ್ಲ. ಯಾವುದನ್ನೇ ಹಿಡಿಯಿರಿ, ಪಟ್ಟಿಯನ್ನು ಫೈಲ್ ಆಗಿ ಇಳಿಸಿಕೊಳ್ಳಲು ಬರುತ್ತದಾ ಅಂತ ಮೊದಲು ನೋಡಿ. ಇಳಿಸಿಕೊಂಡು ಮನೆಯ ಪೆನ್‌ಡ್ರೈವಿನಲ್ಲಿ ಇಡಿ.

ಪಟ್ಟಿಗೆ ಸೇರಿಸಿದ ಮೇಲೆ, ನೀವೇ ತಾನೇ ಹೆಸರು ಕೊಟ್ಟಿದ್ದು ಅಂತ ಒಂದು ದೃಢೀಕರಣದ ಪತ್ರ ಹೋಗಲಿ. ಕೈಬರಹದಲ್ಲಿ ಅಕ್ಷರ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಾಕು ಅನ್ನಿಸಿದವರಿಗೆ ಹೊರಗೆ ಹೋಗುವ ಕೊಂಡಿ ಪ್ರತಿ ಪತ್ರದಲ್ಲೂ ಇರಬೇಕು. 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಮೂಲ ಆಶಯವೂ ಒಪ್ಪಿಗೆಯೇ. ಕಾರ್ಯಕ್ರಮ ಸಂಘಟಿಸಿದವರು ತಮ್ಮ ಹತ್ತಿರ ಇರುವ ಪಟ್ಟಿ ಕೊಡ್ತೀವಿ ಅಂದರೆ ಬೇಡ ಅನ್ನಿ. ಆ ಜನ ನಿಮಗೆ ವಿಳಾಸ ಕೊಟ್ಟವರಲ್ಲ.

ಪತ್ರದಲ್ಲಿ ಏನು ಬರೆಯಬೇಕು? ಪೋಸ್ಟರ್ ಅಂಟಿಸಬೇಡಿ. ಕಾಗದ ಬರೆಯುವ ಹಾಗೆ ಬರೆಯಿರಿ. ನಮ್ಮ ಪತ್ರದಲ್ಲಿ ಒಂದು ಹಾಡು ಇರುತ್ತದೆ, ಪೂರ್ತಿ ಹಾಡು, ಎಂಟು ನಿಮಿಷ ಇದ್ದರೆ ಎಂಟು ನಿಮಿಷ. ಅದರ ಸಾಹಿತ್ಯ ಕನ್ನಡದಲ್ಲಿ. ಆ ಪದ ಯಾರಿಂದ ಕಲಿತೆವು, ಯಾವ ಸಾಲಿಗೆ ಅರ್ಥ ಹಿಡಿಯಲು ಒದ್ದಾಡಿದೆವು, ಅದರ ಬಗ್ಗೆ ಎರಡು ಪ್ಯಾರಾ. ಕೊನೆಗೆ ಮುಂದಿನ ಕಾರ್ಯಕ್ರಮದ ದಿನ, ಜಾಗ, ಬಸ್ ಸ್ಟ್ಯಾಂಡಿನಿಂದ ಹೇಗೆ ಬರಬೇಕು. ಅಷ್ಟೇ. ಒಮ್ಮೆ ನಾವು ಒಂದು ಪದದ ಅರ್ಥ ಗೊತ್ತಾಗುತ್ತಿಲ್ಲ ಅಂತ ಬರೆದಾಗ ನವಲಗುಂದ ಕಡೆಯ ಹಿರಿಯರೊಬ್ಬರು, ಅವರ ಊರಿನ ಭಜನೆಯಲ್ಲಿ ಆ ಪದಕ್ಕೆ ಇನ್ನೊಂದು ನುಡಿ ಇದೆ ಅಂತ ಬರೆದು ಕಳಿಸಿದರು. ಈಗ ನಾವು ಅದನ್ನೂ ಸೇರಿಸಿ ಹಾಡುತ್ತೇವೆ. ರೀಲ್ಸ್ ಕೆಳಗಿನ ಕಾಮೆಂಟಿನಲ್ಲಿ ಇಂಥದ್ದು ನಮಗೆ ಒಮ್ಮೆಯೂ ಬಂದಿರಲಿಲ್ಲ.

ಒಂದು ಎಚ್ಚರಿಕೆ, ನೀವು ಶರೀಫರನ್ನು ಹಾಡುತ್ತೀರಿ ಅಂದಿದ್ದಕ್ಕೆ. ಶರೀಫರು ತೀರಿಕೊಂಡದ್ದು 1889ರಲ್ಲಿ, ಸಾಹಿತ್ಯ ಎಲ್ಲರದ್ದು. ಆದರೆ ಈಗ ಜನರ ಬಾಯಲ್ಲಿರುವ ಧಾಟಿಗಳಲ್ಲಿ ಎಷ್ಟೋ ಸಿ. ಅಶ್ವತ್ಥ್ ಅವರ ಸಂಯೋಜನೆ. ಅವರು ತೀರಿಕೊಂಡದ್ದು 2009ರಲ್ಲಿ. ನಮ್ಮ ಕಾನೂನಿನಲ್ಲಿ ಸಂಯೋಜಕರ ಮರಣದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಆ ಧಾಟಿಯಲ್ಲಿ ರೆಕಾರ್ಡ್ ಮಾಡಿ ಮಾರುವುದಾದರೆ ಅನುಮತಿ ಪಡೆಯಿರಿ. ನಿಮ್ಮದೇ ಧಾಟಿ, ಇಲ್ಲವೇ ಭಜನಾ ಮೇಳಗಳಲ್ಲಿ ತಲೆತಲಾಂತರದಿಂದ ಬಂದ ಧಾಟಿ ಆದರೆ ನಿಶ್ಚಿಂತೆ.


ಭೀಮಾ_ದಂಡೆ:

ಡಗ್ಗಾ ಅಣ್ಣಾರು ಹೇಳಿದ್ದು ಸರಿ ಇದೆ. ಆದರೆ ನಮ್ಮ ವಿಜಯಪುರ, ಇಂಡಿ ಕಡೆ ಭಜನೆ ಕೇಳಲು ಬರುವವರಲ್ಲಿ ಇಮೇಲ್ ನೋಡುವವರು ಕಡಿಮೆ. ಮಗ ಮಾಡಿಕೊಟ್ಟ ಜಿಮೇಲ್ ಇರುತ್ತದೆ, ಪಾಸ್‌ವರ್ಡ್ ಮಗನಿಗೇ ಗೊತ್ತು. ಹಾಗಾಗಿ ನಮ್ಮ ನೋಟ್‌ಬುಕ್ಕಿನಲ್ಲಿ ಮೊಬೈಲ್ ನಂಬರ್ ಕಾಲಂ ಇದೆ.

ವಾಟ್ಸಾಪ್ ಕೂಡ ಮೆಟಾ ಕಂಪನಿಯದೇ, ನನಗೆ ಗೊತ್ತು. ಆದರೆ ನಂಬರ್ ನಮ್ಮ ನೋಟ್‌ಬುಕ್ಕಿನಲ್ಲಿರುತ್ತದೆ, ಅದು ಮುಖ್ಯ. ಗ್ರೂಪ್ ಮಾಡಬೇಡಿ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಅದು ತೊಂದರೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ, ಅದರಲ್ಲಿ ಸಂದೇಶ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಯಲ್ಲಿ 256 ಜನ. ಅವರು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ನಂಬರ್ ಬರೆಸಿಕೊಂಡಾಗಲೇ, ಅಲ್ಲೇ ನಿಂತು, ಬ್ಯಾಂಡಿನ ಹೆಸರಿನಲ್ಲಿ ಸೇವ್ ಮಾಡಿಸಿ. ಬ್ಯಾಂಡಿಗೇ ಬೇರೆ ಸಿಮ್ ಇರಲಿ.

ಎಸ್‌ಎಂಎಸ್ ಕಳಿಸೋಣ ಅಂತ ನೋಡಿದೆವು. ಒಟ್ಟಿಗೆ ಎಲ್ಲರಿಗೂ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮದ ಪ್ರಕಾರ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿ, ಸಂದೇಶದ ಒಕ್ಕಣೆಗೂ ಮೊದಲೇ ಒಪ್ಪಿಗೆ. ಸಣ್ಣ ಮೇಳಕ್ಕೆ ಅದು ಆಗದ ಮಾತು.

ಇನ್ನೊಂದು ಹೇಳಲೇಬೇಕು. ಹಳ್ಳಿಯಲ್ಲಿ ಒಬ್ಬರಿಗೆ ಹೇಳಿದರೆ ಊರಿಗೆ ಹೇಳಿದ ಹಾಗೆ. ಪ್ರತಿ ಊರಲ್ಲಿ ಹಾಡು ಅಂದರೆ ಪ್ರಾಣ ಬಿಡುವ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಸಂದೇಶ ಸಾಲದು, ಫೋನ್ ಮಾಡಿ.


ಪಡುವಣ_ಕನ್ನಡಿಗ:

ನಾನು ಸಂಗೀತಗಾರ ಅಲ್ಲ, ಕೇಳುವವನು. ನ್ಯೂಜೆರ್ಸಿಯಲ್ಲಿದ್ದೇನೆ. ದುಡ್ಡು ಕೊಡುವ ಕಡೆಯಿಂದ ಹೇಳುತ್ತೇನೆ.

ನಿಮ್ಮಂಥವರ ಹಾಡು ಸಿಕ್ಕಿದಾಗ ನನಗೆ ದುಡ್ಡು ಕೊಡಬೇಕು ಅನ್ನಿಸುತ್ತದೆ, ಕೊಡುವ ದಾರಿಯೇ ಇರುವುದಿಲ್ಲ. ಸ್ಪಾಟಿಫೈನಲ್ಲಿ ಕೇಳಿದರೆ ನಿಮಗೆ ಏನೂ ಸಿಗದಿರಬಹುದು. 2024ರಿಂದ ಅಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಆ ರೆಕಾರ್ಡಿಂಗಿಗೆ ಹಣವೇ ಇಲ್ಲ. ಹಾಡುಗಾರರು ಕೇಳುಗರಿಗೆ ನೇರವಾಗಿ ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪ್, ಅದರಲ್ಲಿ ಹಾಕಿ. ಡಿಜಿಟಲ್ ಮಾರಾಟದಲ್ಲಿ ಅವರು ಇಟ್ಟುಕೊಳ್ಳುವುದು 15 ಪರ್ಸೆಂಟ್, ಮೇಲೆ ಪಾವತಿ ಶುಲ್ಕ. 2020ರ ಮಾರ್ಚಿನಲ್ಲಿ ಕೋವಿಡ್ ಸಮಯಕ್ಕೆ ಶುರುವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರ ಅನ್ನುವ ಕೆಲವು ದಿನಗಳಂದು ಆ ಪಾಲನ್ನೂ ಬಿಡುತ್ತಾರೆ. ಕೊಳ್ಳುವಾಗ ನಾವು ಒಪ್ಪಿದರೆ ನಮ್ಮ ಇಮೇಲ್ ನಿಮಗೆ ಸಿಗುತ್ತದೆ, ಅದನ್ನು ನೀವು ಇಳಿಸಿಕೊಂಡು ನಿಮ್ಮ ಪಟ್ಟಿಗೆ ಸೇರಿಸಬಹುದು. ನನಗೆ ಮುಖ್ಯವಾದದ್ದು ಕೊನೆಯ ಮಾತು. ‘ಇಷ್ಟು ಅಥವಾ ಜಾಸ್ತಿ’ ಅಂತ ಬೆಲೆ ಇಡಲು ಬರುತ್ತದೆ. ನಾನು ಯಾವಾಗಲೂ ಜಾಸ್ತಿಯನ್ನೇ ಕೊಡುತ್ತೇನೆ. ನನ್ನಂಥವರು ಇಲ್ಲಿ ಬೇಕಾದಷ್ಟು ಇದ್ದಾರೆ.

ದುಡ್ಡು ಬರುವುದು ಪೇಪಾಲ್ ಅನ್ನುವ ಹಣ ಪಾವತಿ ಸೇವೆಯ ಮೂಲಕ. ಭಾರತದೊಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್‌ನಲ್ಲಿ ನಿಲ್ಲಿಸಿದೆ, ಹೊರದೇಶದಿಂದ ಬರುವ ಹಣಕ್ಕೆ ಅಡ್ಡಿಯಿಲ್ಲ. ಆದ್ದರಿಂದ ಅದು ನಮ್ಮಂಥವರಿಗೆ. ಊರಿನವರಿಗೆ ಯುಪಿಐ ಇದ್ದೇ ಇದೆ.

ಅಲ್ಲೂ ಪೂರ್ತಿ ಭರವಸೆ ಇಟ್ಟು ಕೂರಬೇಡಿ. ಬ್ಯಾಂಡ್‌ಕ್ಯಾಂಪನ್ನು 2022ರಲ್ಲಿ ಎಪಿಕ್ ಗೇಮ್ಸ್ ಕಂಪನಿ ಕೊಂಡಿತು. 2023ರಲ್ಲಿ ಅವರು ಸಾಂಗ್‌ಟ್ರೇಡರ್ ಕಂಪನಿಗೆ ಮಾರಿದರು, ಆಗ ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಬ್ಯಾಂಡುಗಳು ಹಾಡು ಹಾಕುತ್ತಿದ್ದ ಹಳೆಯ ಜಾಲತಾಣ ಮೈಸ್ಪೇಸ್ ನೆನಪಿದೆಯಾ? ಸರ್ವರ್ ಬದಲಿಸುವಾಗ 2003ರಿಂದ 2015ರವರೆಗಿನ ಹಾಡುಗಳು ಹೋದವು ಅಂತ 2019ರಲ್ಲಿ ಹೇಳಿತು. ಸುಮಾರು 5 ಕೋಟಿ ಹಾಡು. ಎಷ್ಟೋ ಸಣ್ಣ ಬ್ಯಾಂಡುಗಳ ಹತ್ತಿರ ಬೇರೆ ಪ್ರತಿಯೇ ಇರಲಿಲ್ಲ. ಮೂಲ ರೆಕಾರ್ಡಿಂಗ್ ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಮನೆಗಳಲ್ಲಿ ಇಡಿ. ದಯವಿಟ್ಟು.


ತುಂಗಾತೀರ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಮೂವರಿಗೂ ನಮಸ್ಕಾರ. ಕೊಳಲಿನ ಹುಡುಗ ಆಗಲೇ ಡೊಮೇನ್ ಹುಡುಕುತ್ತಿದ್ದಾನೆ.

ಡಗ್ಗಾ ಅಣ್ಣಾ, ಎರಡು ಪ್ರಶ್ನೆ. ನಾವು ಸಭಾಂಗಣದ ಹೊರಗೆ ಯುಪಿಐ ಕ್ಯೂಆರ್ ಇಟ್ಟು ಪೆನ್‌ಡ್ರೈವಿನಲ್ಲಿ ಹಾಡು ಮಾರುತ್ತೇವೆ. ಕೊಂಡವರ ವಿಳಾಸ ಅದರಿಂದಲೇ ಸಿಗುವುದಿಲ್ಲವಾ? ಇನ್ನೊಂದು, ಮೈಕಿನಲ್ಲಿ ವಿಳಾಸ ಕೇಳುವುದು ನನಗೆ ಸಂಕೋಚ. ಶರೀಫರನ್ನು ಹಾಡಿ ಮುಗಿಸಿ ತಕ್ಷಣ ಇಮೇಲ್ ಕೊಡಿ ಅಂದರೆ ವ್ಯಾಪಾರದ ಹಾಗೆ ಆಗುವುದಿಲ್ಲವಾ? ಆಮೇಲೆ, ಈಗಿರುವ ಪೇಜನ್ನು ಮುಚ್ಚಿಬಿಡಲಾ?


ಡಗ್ಗಾ_ಧಾರವಾಡ:

ಯುಪಿಐನಲ್ಲಿ ನಿಮಗೆ ಕಾಣುವುದು ಹೆಸರು ಮತ್ತು ಮೊತ್ತ. ದುಡ್ಡು ಪೂರ್ತಿ ಬರುತ್ತದೆ, ಕಡಿತ ಇಲ್ಲ, ಅದು ದೊಡ್ಡ ಅನುಕೂಲ. ಆದರೆ ಆ ಹೆಸರಿಗೆ ನಾಳೆ ಪತ್ರ ಬರೆಯಲು ಬರುವುದಿಲ್ಲ. ಹಾಗಾಗಿ ಪೆನ್‌ಡ್ರೈವ್ ಕೈಗೆ ಕೊಡುವಾಗಲೇ ನೋಟ್‌ಬುಕ್ ಮುಂದೆ ಮಾಡಿ. ದುಡ್ಡು ಕೊಟ್ಟು ಹಾಡು ಕೊಂಡವರು ನಿಮ್ಮ ಪತ್ರವನ್ನು ಎಲ್ಲರಿಗಿಂತ ಮೊದಲು ಓದುತ್ತಾರೆ. ಪಕ್ಕದಲ್ಲಿ ಇನ್ನೊಂದು ಕ್ಯೂಆರ್ ಇಡಿ, ಪಟ್ಟಿಗೆ ಸೇರುವುದಕ್ಕೆ. ಅದು ನಿಮ್ಮ ಡೊಮೇನಿನ ಪುಟಕ್ಕೇ ಹೋಗಬೇಕು. ಮುಂದೆ ಮೇಲ್ ಸೇವೆ ಬದಲಿಸಿದರೂ ಒಮ್ಮೆ ಅಚ್ಚು ಹಾಕಿಸಿದ ಕ್ಯೂಆರ್ ಹಾಗೇ ನಡೆಯುತ್ತದೆ. ಪೆನ್‌ಡ್ರೈವ್ ಕವರಿನ ಮೇಲೂ ಅದನ್ನೇ ಹಾಕಿಸಿ. ಯಾರದೋ ಕಾರಿನಲ್ಲಿ ಹಾಡು ಕೇಳಿದ ಮೂರನೆಯವರು ಕೂಡ ಅದರಿಂದ ನಿಮ್ಮನ್ನು ಹುಡುಕುತ್ತಾರೆ.

ಸಂಕೋಚದ ಮಾತು. ಹಾಡಿ ಮುಗಿಸಿದ ಮೇಲೆ ಕೇಳಬೇಡಿ, ಅದು ನಿಜವಾಗಿಯೂ ಆಭಾಸ ಆಗುತ್ತದೆ. ಕೊನೆಯ ಪದಕ್ಕೆ ಮುಂಚೆ ಏಕತಾರಿ ಶ್ರುತಿ ಸರಿ ಮಾಡಿಕೊಳ್ಳುತ್ತೀರಲ್ಲ, ಆ ಹೊತ್ತಿನಲ್ಲಿ ಕೇಳಿ. ನಿಮ್ಮನ್ನು ಕೇಳಿಕೊಂಡು ಬಂದವರು ಅವರು, ‘ನಮಗೂ ತಿಳಿಸಿ’ ಅಂತ ಮೊದಲು ಬಾಯಿಬಿಟ್ಟವರೂ ಅವರೇ. ಅವರು ಕೇಳಿದ್ದನ್ನು ಮಾಡಿಕೊಡಲು ವಿಳಾಸ ಕೇಳುತ್ತಿದ್ದೀರಿ. ನಿಮಗೆ ಆಗುವುದೇ ಇಲ್ಲ ಅಂದರೆ ಗಿಟಾರಿನವರು ಕೇಳಲಿ.

ಪೇಜ್ ಮುಚ್ಚಬೇಡಿ. ಹೊಸಬರು ನಿಮ್ಮ ಹೆಸರು ಹುಡುಕಿದಾಗ ಮೊದಲು ಸಿಗುವುದು ಅದೇ ಇರಬಹುದು. ಪಟ್ಟಿಗೆ ಸೇರುವ ಕೊಂಡಿಯನ್ನು ಮೇಲೆ ಪಿನ್ ಮಾಡಿ, ಕಾರ್ಯಕ್ರಮದ ದಿನಾಂಕ ಹಾಕಿ, ಅಷ್ಟಕ್ಕೇ ಬಿಡಿ. ಹಾಡು ಕತ್ತರಿಸುವ ಕೆಲಸ ಇವತ್ತಿಗೇ ನಿಲ್ಲಿಸಬಹುದು.

ಒಂದು ಬಿಟ್ಟುಹೋಗಿತ್ತು. ಪತ್ರಕ್ಕೆ ಉತ್ತರ ಬರೆದರೆ ಅದು ನಿಮ್ಮಲ್ಲಿ ಒಬ್ಬರ ಇನ್‌ಬಾಕ್ಸಿಗೆ ಬರುವ ಹಾಗೆ ಇಡಿ. ‘ಇದಕ್ಕೆ ಉತ್ತರಿಸಬೇಡಿ’ ಅನ್ನುವ ಥರದ ವಿಳಾಸ ಬೇಡ. ಬಂದ ಪ್ರತಿ ಉತ್ತರಕ್ಕೂ ಎರಡು ಸಾಲಾದರೂ ಬರೆಯಿರಿ. ನಾವು ತಂಡದಲ್ಲಿ ಸರದಿ ಹಾಕಿಕೊಂಡಿದ್ದೇವೆ, ಒಂದು ತಿಂಗಳು ಒಬ್ಬರು. ಸಾಗರದಲ್ಲಿ ಹಾಡುವ ದಿನ ಗೊತ್ತಾದರೆ ಇಲ್ಲೇ ಹಾಕಿ. ನಮ್ಮ ಪಟ್ಟಿಯಲ್ಲಿ ಸಾಗರ, ಸಿರಸಿ ಕಡೆಯವರು ಇದ್ದಾರೆ. ಅವರ ವಿಳಾಸ ಕೊಡಲು ಬರುವುದಿಲ್ಲ, ಆದರೆ ನಮ್ಮ ಪತ್ರದಲ್ಲಿ ನಿಮ್ಮ ಬ್ಯಾಂಡಿನ ಬಗ್ಗೆ ಬರೆದು, ನಿಮ್ಮ ಪುಟದ ಕೊಂಡಿ ಹಾಕುತ್ತೇನೆ.